ಹೊಗೆ ಖಂಡಕ್ಕಿರಲಿ, ಅವ್ವನ ಎದೆಗೆ ಬೇಡ

ಸೊಳ್ಳೆಗೆ ಹಾಕುವ ಹೊಗೆ ಬೇರೆ, ಖಂಡಕ್ಕೆ ಹಾಕುವ ಹೊಗೆ ಬೇರೆ. ಇಷ್ಟು ಸಣ್ಣ ಮಾತು ತಲೆಗೆ ಹೋಗಲು ನಾನು ಎರಡು ಕಿಲೋ ಆಡಿನ ಖಂಡ ಹಾಳು ಮಾಡಬೇಕಾಯಿತು.

ಮೂರು ವರ್ಷದ ಹಿಂದಿನ ಮಾತು. ನಮ್ಮೂರು ಸೇಡಂ ತಾಲೂಕಿನಲ್ಲಿ, ಕಾಗಿಣಾ ನದಿಯ ಈಚೆ ದಂಡೆಗೆ. ಜಾತ್ರೆಗೆ ಮನೆಯ ಹೋತ ಒಂದನ್ನು ಕಡಿದಿದ್ದೆವು. ಬಂದ ಬೀಗರೆಲ್ಲ ಉಂಡು ಹೋದ ಮೇಲೂ ಎತ್ತಿಟ್ಟ ತೊಡೆ ಒಂದು ಉಳಿದಿತ್ತು. ಫ್ರಿಜ್ಜಿನಲ್ಲಿ ಇಡೋಣ ಎಂದರೆ ಕರೆಂಟಿಲ್ಲ. "ಹಿಂದಕ್ಕ ಮುತ್ಯಾನ ಕಾಲದಾಗ ಹ್ಯಾಂಗ ಮಾಡ್ತಿದ್ರೋ ಹಂಗೇ ಮಾಡ್ತೀನಿ ತಡಿ" ಅಂತ ಖಂಡವನ್ನು ಉದ್ದಕ್ಕೆ ಸೀಳಿ, ಉಪ್ಪು ಅರಿಶಿಣ ಸವರಿ, ಸರ ಕಟ್ಟಿ ದನದ ಕೊಟ್ಟಿಗೆಯಲ್ಲಿ ತೂಗುಹಾಕಿದೆ. ಕೆಳಗೆ ಹಸಿ ಬೇವಿನ ತೊಪ್ಪಲು, ತೋಯ್ದ ಕಟ್ಟಿಗೆ ಒಟ್ಟಿ ಬೆಂಕಿ ಇಟ್ಟೆ. ಹೊಗೆ ಎದ್ದಿತು ನೋಡಿ! ಪಕ್ಕದ ಮನೆಯವರು ಬಣವಿಗೆ ಬೆಂಕಿ ಬಿತ್ತೇನೋ ಅಂತ ಕೊಡ ಹಿಡಿದು ಬಂದರು. ಇಷ್ಟು ಹೊಗೆ ಇದ್ದರೆ ರುಚಿ ಎಷ್ಟಿರಬೇಡ ಅಂತ ನನಗೆ ಒಳಗೊಳಗೇ ಹಿಗ್ಗು.

ಮರುದಿನ ಸಾರು ಮಾಡಿ ಅವ್ವನ ಮುಂದೆ ಇಟ್ಟೆ. ಅವ್ವ ಒಂದು ತುಣುಕು ಬಾಯಿಗೆ ಹಾಕಿದಳು. "ಯಪ್ಪಾ, ಇದು ಖಂಡೇನೋ? ಕೊಟಗಿ ತೊಲಿ ನೆಕ್ಕಿದಂಗ ಆಗ್ಲತದಲ್ಲೋ" ಅಂದು ನಕ್ಕಳು. ನಗುತ್ತಲೇ ಕೆಮ್ಮು ಬಂತು. ಆ ಕೆಮ್ಮು ನಿಲ್ಲಲು ಹತ್ತು ನಿಮಿಷ ಹಿಡಿಯಿತು.

ಅವ್ವನ ಕೆಮ್ಮು ನಿನ್ನೆ ಮೊನ್ನೆಯದಲ್ಲ. ದವಾಖಾನೆಗೆ ಕರೆದುಕೊಂಡು ಹೋದಾಗ ಡಾಕ್ಟರು "ಅಮ್ಮಾ, ಬೀಡಿ ಸೇದುವ ರೂಢಿ ಇತ್ತೇನು?" ಎಂದು ಕೇಳಿದ್ದರು. ಅವ್ವ ಹೇಳಿದ್ದು, "ಬೀಡಿ ಸೇದಿಲ್ರೀ ಸಾಹೇಬ್ರ, ನಲವತ್ತು ವರ್ಷ ಒಲಿ ಸೇದೀನಿ." ಡಾಕ್ಟರು ನಗಲಿಲ್ಲ. ಸುಮ್ಮನೆ ಬರೆದುಕೊಂಡರು.

ಈ ಎರಡು ಮಾತುಗಳನ್ನು ಒಟ್ಟಿಗೆ ಇಟ್ಟು ಯೋಚಿಸಿದಾಗ ಹೊಳೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡು ಬಣ, ಎರಡೂ ತಪ್ಪು

2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ನಮ್ಮ ಕಡೆಯ ಎಷ್ಟೋ ಬಡವರ ಮನೆಗೆ ಗ್ಯಾಸ್ ಬಂತು. ಸಿಲಿಂಡರ್ ತುಟ್ಟಿ ಎಂದು ಸ್ನಾನದ ನೀರಿಗೆ, ರೊಟ್ಟಿಗೆ ಈಗಲೂ ಒಲೆ ಹಚ್ಚುವವರು ಇದ್ದಾರೆ. ಆದರೂ ಅಡುಗೆಮನೆಯ ಹೊಗೆ ಮೊದಲಿನಷ್ಟಿಲ್ಲ. ಅದರ ಜೊತೆಗೇ ಒಲೆಯ ಮೇಲಿನ ನೆಲುವೂ ಹೋಯಿತು, ಅದರಲ್ಲಿ ಕಪ್ಪಗೆ ತೂಗುತ್ತಿದ್ದ ಒಣಖಂಡದ ಸರವೂ ಹೋಯಿತು.

ಊರಿನಲ್ಲಿ ಈಗ ಎರಡು ಮಾತು ಕೇಳುತ್ತವೆ. "ಗ್ಯಾಸ್ ಬಂದು ನಾಲಗಿ ರುಚಿ ಕೆಟ್ಟಿತು, ಒಲಿನೇ ಛೊಲೋ ಇತ್ತು" ಎನ್ನುವವರು ಒಂದು ಕಡೆ. ಇವರಲ್ಲಿ ಹೆಚ್ಚಿನವರು ಗಂಡಸರು, ಒಲೆಯ ಮುಂದೆ ಒಂದು ದಿನವೂ ಕೂತವರಲ್ಲ ಎನ್ನುವುದನ್ನು ಗಮನಿಸಬೇಕು. "ಹೊಗಿ ಖಂಡ ಎಲ್ಲಾ ಹಳೀ ಕಾಲದ್ದು, ಈಗ ಯಾರು ತಿಂತಾರ" ಎನ್ನುವ ಹುಡುಗರು ಇನ್ನೊಂದು ಕಡೆ. ಇದೇ ಹುಡುಗರು ಕಲಬುರಗಿಗೆ ಹೋದರೆ ಹೊಗೆ ವಾಸನೆಯ ಕಬಾಬಿಗೆ ಕೇಳಿದಷ್ಟು ದುಡ್ಡು ಕೊಟ್ಟು ತಿಂದು ಬರುತ್ತಾರೆ.

ನನ್ನ ಅಭಿಪ್ರಾಯ ಇಷ್ಟೇ. ಹೊಗೆಯ ರುಚಿ ಬಿಡಬೇಕಾದ್ದಲ್ಲ. ಆದರೆ ಅದಕ್ಕಾಗಿ ಅಡುಗೆಮನೆಯಲ್ಲಿ ಹೊಗೆ ತುಂಬಬೇಕಾದ್ದೂ ಇಲ್ಲ. ಹೊಗೆಯನ್ನು ಹಿತ್ತಲಿಗೆ ಒಯ್ಯೋಣ, ಅದಕ್ಕೊಂದು ಗೂಡು ಕಟ್ಟೋಣ. ಒಳ್ಳೆಯ ರುಚಿಗೆ ಬೇಕಾಗುವುದು ತೀರ ಕಡಿಮೆ ಹೊಗೆ. ಕಣ್ಣು ಉರಿಸುವ, ಎದೆ ಕಟ್ಟಿಸುವ ಹೊಗೆ ಖಂಡವನ್ನೂ ಕೆಡಿಸುತ್ತದೆ, ಮನುಷ್ಯರನ್ನೂ ಕೆಡಿಸುತ್ತದೆ.

ಒಣಗಿಸುವುದು ಬಿಸಿಲು, ಹೊಗೆ ಅಲ್ಲ

ಮೊದಲು ಒಂದು ತಪ್ಪು ತಿಳುವಳಿಕೆ ಬಿಡಬೇಕು. ಕೊಡಗಿನಲ್ಲಿ ಹಂದಿಯ ಮಾಂಸವನ್ನು ಒಲೆಯ ಮೇಲೆ ದಿನಗಟ್ಟಲೆ ತೂಗುಹಾಕಿ ಒಣಗಿಸುತ್ತಾರೆ. ದೂರದ ನಾಗಾಲ್ಯಾಂಡಿನಲ್ಲೂ ಹಾಗೆಯೇ. ಅಲ್ಲಿ ಮಳೆ ಹೆಚ್ಚು, ಗಾಳಿಯಲ್ಲಿ ತೇವ ಹೆಚ್ಚು, ತಿಂಗಳುಗಟ್ಟಲೆ ಬಿಸಿಲು ಕಾಣುವುದಿಲ್ಲ. ಹಾಗಾಗಿ ಒಣಗಿಸುವ ಕೆಲಸವನ್ನೂ ಒಲೆಯೇ ಮಾಡಬೇಕು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯವರಿಗೆ ದೇವರು ಬಿಸಿಲಿಗೇನೂ ಕಡಿಮೆ ಮಾಡಿಲ್ಲ. ಬೇಸಿಗೆಯಲ್ಲಿ 42, 43 ಡಿಗ್ರಿ ನಮಗೆ ಹೊಸದಲ್ಲ. ಮಳೆಗಾಲ ಬಿಟ್ಟರೆ ಗಾಳಿಯೂ ಒಣದು. ತೆಳ್ಳಗೆ ಸೀಳಿದ ಖಂಡ ಎರಡು ದಿನದಲ್ಲಿ ಬಿಸಿಲಿಗೇ ಒಣಗುತ್ತದೆ. ನಮ್ಮಲ್ಲಿ ಹೊಗೆಯ ಕೆಲಸ ಎರಡೇ: ವಾಸನೆ ಕೊಡುವುದು, ನೊಣ ಓಡಿಸುವುದು. ಅದಕ್ಕೆ ಎರಡು ಮೂರು ತಾಸು ಸಾಕು. ದಿನಗಟ್ಟಲೆ ಹೊಗೆ ಹಾಕಿ ಕಟ್ಟಿಗೆ ಸುಟ್ಟರೆ ಖಂಡ ಕಹಿ ಆಗುತ್ತದೆಯೇ ಹೊರತು ಹೆಚ್ಚು ಬಾಳುವುದಿಲ್ಲ. ಬಾಳಿಸುವುದು ಉಪ್ಪು ಮತ್ತು ಒಣಗು.

ರುಚಿ ಬರುವುದು ಎಲ್ಲಿಂದ?

ಕಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದಿಡುವ ಒಂದು ವಸ್ತು ಉಂಟು, ಅದಕ್ಕೆ ಲಿಗ್ನಿನ್ ಎನ್ನುತ್ತಾರೆ. ಕಟ್ಟಿಗೆ ಉರಿಯದೆ, ಕೆಂಡದ ಮೇಲೆ ಕೂತು ನಿಧಾನಕ್ಕೆ ಕನಲುವಾಗ, ಅಂದರೆ ಸುಮಾರು 300ರಿಂದ 400 ಡಿಗ್ರಿ ಕಾವಿನಲ್ಲಿ, ಈ ಲಿಗ್ನಿನ್ ಒಡೆಯುತ್ತದೆ. ಅದರಿಂದ ಗ್ವಾಯಕಾಲ್, ಸಿರಿಂಗಾಲ್ ಎಂಬ ವಸ್ತುಗಳು ಹೊರಡುತ್ತವೆ. ನಾವು ಹೊಗೆಯ ಘಮ ಎನ್ನುವುದು ಹೆಚ್ಚಾಗಿ ಇವನ್ನೇ. ಕಟ್ಟಿಗೆಯ ಉಳಿದ ಭಾಗದಿಂದ ಹೊರಡುವ ವಸ್ತುಗಳು ಖಂಡಕ್ಕೆ ಕೆಂಪು ಕಂದು ಬಣ್ಣ ಕೊಡುತ್ತವೆ.

ಹಸಿ ಕಟ್ಟಿಗೆ ಹಾಕಿದರೆ ಬೆಂಕಿಯ ಶಕ್ತಿಯೆಲ್ಲ ನೀರು ಆರಿಸುವುದಕ್ಕೇ ಹೋಗುತ್ತದೆ. ಬರುವ ಬಿಳಿ ದಪ್ಪ ಹೊಗೆಯಲ್ಲಿ ಅರ್ಧ ಆವಿ, ಉಳಿದದ್ದು ಹುಳಿ, ಕಹಿ. ನಾನು ಕೊಟ್ಟಿಗೆಯಲ್ಲಿ ಮಾಡಿದ್ದು ಇದೇ ತಪ್ಪು. ಬೆಂಕಿ ಧಗಧಗ ಉರಿದರೂ ತಪ್ಪೇ. ಆಗ ಘಮದ ವಸ್ತು ಸುಟ್ಟುಹೋಗಿ ಮಸಿ ಉಳಿಯುತ್ತದೆ. ಕಾವು ಹೆಚ್ಚಿದಷ್ಟೂ, ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿದಷ್ಟೂ ಬೆಂಜೊಪೈರೀನ್ ಎಂಬ ಕ್ಯಾನ್ಸರ್ ತರುವ ವಸ್ತು ಹೆಚ್ಚಾಗುತ್ತದೆ.

ಗುರುತು ಸುಲಭ. ಗೂಡಿನಿಂದ ಹೊರಬರುವ ಹೊಗೆ ತೆಳ್ಳಗೆ, ನೀಲಿ ಛಾಯೆಯಲ್ಲಿ ಇರಬೇಕು. ಅದರ ಆಚೆಗಿನ ಗಿಡ ಕಾಣಬೇಕು. ಮೂಗು ಹತ್ತಿರ ಒಯ್ದರೆ ಘಮ ಬರಬೇಕು, ಕಣ್ಣಲ್ಲಿ ನೀರು ಬರಬಾರದು. ನಿಮ್ಮ ಮೂಗಿಗೆ ಸೇರದ ಹೊಗೆ ಖಂಡಕ್ಕೂ ಸೇರುವುದಿಲ್ಲ.

ಇದು ನಮ್ಮ ಹೆಂಗಸರಿಗೆ ಗೊತ್ತಿಲ್ಲದ ವಿದ್ಯೆ ಅಲ್ಲ. ಸೀತನಿ ಸುಡುವುದನ್ನು ನೆನಪು ಮಾಡಿಕೊಳ್ಳಿ. ಕುಳ್ಳಿನ ಹೊಗೆ ಪೂರ್ತಿ ಹೋಗಿ ಕೆಂಡವಾದ ಮೇಲೇ ಜೋಳದ ತೆನೆ ಹೂಳುತ್ತೇವೆ. ಅವಸರ ಮಾಡಿದರೆ ಸೀತನಿಗೆ ಕುಳ್ಳಿನ ವಾಸನೆ ಹಿಡಿಯುತ್ತದೆ. ನಮ್ಮ ಕಡೆಯ ಮುಸಲ್ಮಾನರ ಮನೆಗಳಲ್ಲಿ ಸಾಲನಕ್ಕೆ ಧುಂಗಾರ್ ಕೊಡುವುದೂ ಹೀಗೆಯೇ. ಪಾತ್ರೆಯ ನಡುವೆ ಒಂದು ಬಟ್ಟಲು, ಅದರಲ್ಲಿ ಒಂದೇ ಕೆಂಡ, ಮೇಲೆ ನಾಲ್ಕು ಹನಿ ತುಪ್ಪ, ಮುಚ್ಚಳ. ಐದು ನಿಮಿಷದಲ್ಲಿ ಇಡೀ ಪಾತ್ರೆ ಘಮ್ ಎನ್ನುತ್ತದೆ. ಒಂದು ಕೆಂಡದ ಹೊಗೆ ಅಷ್ಟು ಕೆಲಸ ಮಾಡುವಾಗ ಒಂದು ಗಾಡಿ ಕಟ್ಟಿಗೆ ಯಾಕೆ ಬೇಕು?

ಯಾವ ಕಟ್ಟಿಗೆ?

ನನ್ನ ಅನುಭವದಲ್ಲಿ ಮೊದಲ ಸ್ಥಾನ ಜಾಲಿಗೆ. ಊರ ಬಡಿಗೇರರ ಬಳಿ ಹೋಗಿ. ಗಾಡಿ, ಕುಂಟಿ, ಕೂರಿಗೆಯ ಕೆಲಸಕ್ಕೆ ಜಾಲಿ ಕೆತ್ತಿದ ಚಕ್ಕೆ ಅವರ ಅಂಗಳದಲ್ಲಿ ಬಿದ್ದಿರುತ್ತದೆ. ವರ್ಷಗಟ್ಟಲೆ ಒಣಗಿದ ಕಟ್ಟಿಗೆಯದು, ಬಣ್ಣ ವಾರ್ನಿಶ್ ತಾಗಿದ್ದಲ್ಲ. ಒಂದು ಬುಟ್ಟಿ ತಂದರೆ ಹತ್ತು ಸಲಕ್ಕೆ ಸಾಕು. ತೊಗಟೆ ಮಾತ್ರ ಆರಿಸಿ ತೆಗೆಯಿರಿ. ಜಾಲಿ ತೊಗಟೆಯಲ್ಲಿ ಒಗರು ಜಾಸ್ತಿ, ಚರ್ಮ ಹದ ಮಾಡಲು ಅದನ್ನು ಬಳಸುವುದು ಅದಕ್ಕೇ. ಖಂಡಕ್ಕೆ ಅದರ ಹೊಗೆ ಕಹಿ.

ಎರಡನೆಯದು ಬಳ್ಳಾರಿ ಜಾಲಿ. ಹೊಲದ ಬದು, ಹಳ್ಳದ ದಂಡೆ ಎಲ್ಲ ನುಂಗಿ ಕೂತಿರುವ ಈ ಪೀಡೆಯನ್ನು ಬಯ್ಯದ ರೈತನಿಲ್ಲ. ಆದರೆ ಅಮೆರಿಕದ ಟೆಕ್ಸಾಸಿನಲ್ಲಿ ಮಾಂಸ ಹೊಗೆಯಾಡಿಸಲು ಹೆಸರಾದ ಮೆಸ್ಕೀಟ್ ಮರ ಇದರ ದಾಯಾದಿಯೇ. ಇದರ ಹೊಗೆ ಖಡಕ್ಕು. ಬರೀ ಇದನ್ನೇ ಹಾಕಿದರೆ ಅತಿಯಾಗುತ್ತದೆ. ಮೂರು ಪಾಲು ಜಾಲಿಗೆ ಒಂದು ಪಾಲು ಇದು ಎಂದರೆ ಸರಿ. ಕಡಿದು ಒಂದು ಬೇಸಿಗೆ ಒಣಗಿಸಿರಬೇಕು.

ಮಾವು, ಪೇರಲ, ಹುಣಸೆ ಕೂಡ ಒಳ್ಳೆಯವು. ಪೇರಲದ ಹೊಗೆ ಮೆದು, ಕೋಳಿಗೆ ಹೊಂದುತ್ತದೆ.

ತೊಗರಿ ಕಟ್ಟಿಗೆಯ ಬಗ್ಗೆ ಕೇಳುವವರು ಬಹಳ. ನಮ್ಮದು ತೊಗರಿಯ ನಾಡು, 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಪ್ರತಿ ಮನೆಯ ಮುಂದೆ ತೊಗರಿ ಕಟ್ಟಿಗೆಯ ಒಟ್ಟಲು ಇರುತ್ತದೆ. ಆದರೆ ನಾನು ಅದನ್ನು ಖಂಡದ ಹೊಗೆಗೆ ಹಾಕುವುದಿಲ್ಲ. ತೆಳ್ಳಗಿರುವುದರಿಂದ ಭಗ್ ಎಂದು ಹತ್ತಿ ಆರುತ್ತದೆ, ಕನಲುವುದಿಲ್ಲ. ಇನ್ನೊಂದು ಕಾರಣ ನಮಗೆಲ್ಲ ಗೊತ್ತಿದ್ದದ್ದೇ. ಕಾಯಿಕೊರಕಕ್ಕೆ ಹೂವಿನಿಂದ ಕಾಯಿಯ ತನಕ ಎಷ್ಟು ಸಲ ಎಣ್ಣೆ ಹೊಡೆದಿರುತ್ತೇವೆ? ಆ ಗಿಡದ ಹೊಗೆ ಊಟದ ಖಂಡಕ್ಕೆ ಬೇಡ. ಹತ್ತಿ ಕಟ್ಟಿಗೆಗೂ ಇದೇ ಮಾತು. ಸ್ನಾನದ ನೀರು ಕಾಯಿಸಲು ಇರಲಿ.

ಎಂದೂ ಹಾಕಬಾರದ್ದು: ಬೇವು ಕಹಿ, ನೀಲಗಿರಿ ದವಾಖಾನೆಯ ವಾಸನೆ. ಕಣಗಿಲೆ ವಿಷ, ಅದರ ಕಡ್ಡಿಗೆ ಖಂಡ ಚುಚ್ಚುವುದೂ ಬೇಡ. ಎಕ್ಕೆ, ಕಳ್ಳಿ ಹತ್ತಿರ ತರಬೇಡಿ. ಪ್ಲೈವುಡ್, ಬಣ್ಣ ಹಚ್ಚಿದ ಹಳೆ ಬಾಗಿಲು, ಮಶಿನು ಬಂದ ಪೆಟ್ಟಿಗೆಯ ಹಲಗೆ, ಪ್ಲಾಸ್ಟಿಕ್ ಚೀಲ, ಟೈರಿನ ತುಂಡು ಬೆಂಕಿ ಹಚ್ಚುವುದಕ್ಕೂ ಬೇಡ. ವಾಡಿ, ಶಹಾಬಾದ್ ಕಡೆ ಖಾಲಿ ಸಿಮೆಂಟ್ ಚೀಲ ಹರಿದು ಒಲೆಗೆ ಹಾಕುವ ರೂಢಿ ಕಂಡಿದ್ದೇನೆ. ಪ್ಲಾಸ್ಟಿಕ್ ಎಳೆಯ ಚೀಲ ಅದು, ದಯವಿಟ್ಟು ನಿಲ್ಲಿಸಿ. ಚಿಂಚೋಳಿಯ ಮಿತ್ರರಿಗೆ ಒಂದು ಮಾತು. ನಿಮ್ಮ ಅಡವಿ 2011ರಿಂದ ವನ್ಯಜೀವಿ ಧಾಮ. ಅಲ್ಲಿಯ ಕಟ್ಟಿಗೆಗೆ ಕೈ ಹಚ್ಚುವ ಅಗತ್ಯವೇ ಇಲ್ಲ, ಬದುವಿನ ಜಾಲಿ ಸಾಕು.

ಫರ್ಸಿಯ ಗೂಡು

ನಮ್ಮ ಕಡೆ ಕಲ್ಲಿಗೆ ಬರವಿಲ್ಲ. ಶಹಾಬಾದ್ ಕಲ್ಲು ದೇಶದ ಎಷ್ಟೋ ಮನೆಗಳ ನೆಲಕ್ಕೆ ಹೋಗಿದೆ. ಖಣಿಯ ಬಳಿ ಅಂಚು ಮುರಿದ ಫರ್ಸಿ ತುಂಡುಗಳು ಅಗ್ಗಕ್ಕೆ ಸಿಗುತ್ತವೆ. ನಾನು ಅವುಗಳಿಂದಲೇ ಗೂಡು ಕಟ್ಟಿದೆ.

ಹಿತ್ತಲಿನಲ್ಲಿ ಎರಡು ಅಡಿ ಉದ್ದ, ಎರಡು ಅಡಿ ಅಗಲ, ನಾಲ್ಕು ಅಡಿ ಎತ್ತರಕ್ಕೆ ಫರ್ಸಿ ನಿಲ್ಲಿಸಿ ಮಣ್ಣು ಮೆತ್ತಬೇಕು. ಮುಂದಿನ ಕಲ್ಲು ಬಾಗಿಲಿನ ಹಾಗೆ ತೆಗೆದಿಡುವಂತೆ ಇರಲಿ. ಮೇಲೆ ಒಂದು ಫರ್ಸಿ ಮುಚ್ಚಿ, ಒಂದು ಕಡೆ ನಾಲ್ಕು ಬೊಟ್ಟು ಸಂದು ಬಿಡಬೇಕು. ಹೊಗೆ ನಿಲ್ಲಬಾರದು, ಹಾದು ಹೋಗಬೇಕು. ನಿಂತ ಹೊಗೆ ತಣ್ಣಗಾಗಿ ಡಾಂಬರಿನ ಹನಿಯಾಗಿ ಖಂಡದ ಮೇಲೆ ಕೂರುತ್ತದೆ. ಒಳಗೆ ಮೇಲ್ಭಾಗದಲ್ಲಿ ಬಿದಿರಿನ ಗಳ ಎರಡು. ಜಿಂಕ್ ಲೇಪದ ತಂತಿ ಬೇಡ.

ಬೆಂಕಿ ಗೂಡಿನ ಕೆಳಗೆ ಅಲ್ಲ. ಐದು ಅಡಿ ದೂರದಲ್ಲಿ ಒಂದು ಮೊಳ ಆಳದ ಕುಳಿ, ಅಲ್ಲಿಂದ ಗೂಡಿನ ತಳಕ್ಕೆ ಒಂದು ಗೇಣು ಅಗಲದ ಕಾಲುವೆ. ಕಾಲುವೆಯ ಮೇಲೆ ಫರ್ಸಿ ಹಾಕಿ ಮಣ್ಣು ಮುಚ್ಚಿ. ಗೂಡು ಕುಳಿಗಿಂತ ಸ್ವಲ್ಪ ಎತ್ತರದಲ್ಲಿರಲಿ, ಹೊಗೆ ತಾನೇ ಏರುತ್ತದೆ. ಐದು ಅಡಿ ಬರುವಷ್ಟರಲ್ಲಿ ಮಸಿ ನೆಲಕ್ಕೆ ಕೂರುತ್ತದೆ, ಕಾವು ಇಳಿಯುತ್ತದೆ, ಕೊಬ್ಬು ಬೆಂಕಿಗೆ ತೊಟ್ಟಿಕ್ಕುವ ಮಾತೇ ಇಲ್ಲ. ಗಾಳಿ ನೋಡಿ ಮನೆಯ ಬಾಗಿಲಿನಿಂದ ದೂರ, ಬಣವಿಯಿಂದ ಇನ್ನೂ ದೂರ ಕಟ್ಟಬೇಕು.

ಒಂದು ಎಚ್ಚರಿಕೆ. ಬೆಂಕಿ ನೇರ ತಾಗುವ ಕುಳಿಗೂ, ಅದರ ಹತ್ತಿರದ ಒಂದೂವರೆ ಅಡಿ ಕಾಲುವೆಗೂ ಫರ್ಸಿ ಹಾಕಬೇಡಿ. ಇದು ಪದರು ಪದರಿನ ಸುಣ್ಣಕಲ್ಲು. ಪದರಿನಲ್ಲಿ ತೇವ ಇದ್ದರೆ ಕಾದಾಗ ಸಿಡಿದು ಚಕ್ಕೆ ಹಾರುತ್ತದೆ. ನನ್ನ ಮೊದಲ ಗೂಡಿನಲ್ಲಿ ಹಾರಿದ ಚೂರು ಕಣ್ಣಿನ ಪಕ್ಕ ಗೀರಿ ಹೋಯಿತು, ದೇವರು ದೊಡ್ಡವನು. ಬೆಂಕಿಯ ಕಡೆ ಇಟ್ಟಿಗೆ, ಕೆಮ್ಮಣ್ಣು ಬಳಸಿ. ಹೈದರಾಬಾದಿನ ಪತ್ಥರ್ ಕಾ ಗೋಶ್ತ್ ನೋಡಿ ಬಂದು ಫರ್ಸಿಯ ಮೇಲೆ ಖಂಡ ಸುಡಲು ಹೋಗುವವರಿಗೂ ಇದೇ ಮಾತು. ಅವರು ಬಳಸುವುದು ಗ್ರಾನೈಟ್.

ಡ್ರಮ್ಮಿನಲ್ಲಿ ಮಾಡಬಹುದೇ ಎಂದು ಕೇಳಿದರು ಒಬ್ಬರು. ಅಡುಗೆ ಎಣ್ಣೆ ತುಂಬಿ ಬಂದ ಡ್ರಮ್ಮಾದರೆ ಮಾಡಬಹುದು. ಔಷಧಿ, ಕೆಮಿಕಲ್ ತುಂಬಿದ್ದರೆ ಎಷ್ಟು ತೊಳೆದರೂ ಬೇಡ.

ಖಂಡದ ತಯಾರಿ

ಆಡು, ಕುರಿಯ ತೊಡೆಯ ಖಂಡ ಇದಕ್ಕೆ ಸರಿ. ಕೊಬ್ಬು ಪೂರ್ತಿ ತೆಗೆಯಬೇಕು, ಇಟ್ಟಾಗ ಕಮಟು ಹಿಡಿಯುವುದು ಕೊಬ್ಬೇ. ಎಳೆಯ ಉದ್ದಕ್ಕೆ ಬೆರಳು ದಪ್ಪ ಸೀಳಿ. ಕಿಲೋಗೆ 25ರಿಂದ 30 ಗ್ರಾಂ ಉಪ್ಪು, ಒಂದು ಚಮಚ ಅರಿಶಿಣ, ಬೇಕಾದರೆ ಜಜ್ಜಿದ ಬಳ್ಳೊಳ್ಳಿ, ಖಾರದ ಪುಡಿ. ಉಪ್ಪನ್ನು ತೂಕ ಮಾಡಿಯೇ ಹಾಕಿ. ಫ್ರಿಜ್ ಇದ್ದವರು ರಾತ್ರಿ ಹಚ್ಚಿ ಒಳಗಿಡಿ. ಇಲ್ಲದವರು ಚಳಿಗಾಲದ ನಸುಕಿನಲ್ಲಿ ಕಡಿದು, ಹಚ್ಚಿ, ಒಂದು ತಾಸಿಗೇ ಸರ ಕಟ್ಟಿ.

ಇನ್ನು ಬಹಳ ಮಂದಿ ಬಿಡುವ ಹಂತ. ಸರವನ್ನು ನೇರ ಹೊಗೆಗೆ ಹಾಕಬಾರದು. ಗಾಳಿಯಾಡುವ ನೆರಳಿನಲ್ಲಿ ಒಂದು ತಾಸು ತೂಗುಬಿಡಬೇಕು. ಬೆರಳು ಇಟ್ಟರೆ ಒದ್ದೆ ಆಗಬಾರದು, ಅಂಟಬೇಕು. ಈ ಅಂಟಿನ ಮೇಲೇ ಹೊಗೆ ಚೆನ್ನಾಗಿ ಹಿಡಿಯುವುದು. ಒದ್ದೆ ಖಂಡದ ಮೇಲೆ ಹೊಗೆ ಹುಳಿಯಾಗಿ, ಪಟ್ಟೆ ಪಟ್ಟೆಯಾಗಿ ಕೂರುತ್ತದೆ. ಪೂರ್ತಿ ಒಣಗಿದ ಖಂಡಕ್ಕೆ ಹೊಗೆ ಹತ್ತುವುದೇ ಇಲ್ಲ. ಹಾಗಾಗಿ ಕ್ರಮ ಹೀಗೆ: ಉಪ್ಪು, ಗಾಳಿ, ಹೊಗೆ, ಕೊನೆಗೆ ಬಿಸಿಲು. ನಾವು ಹಿಂದೆ ಬಿಸಿಲಿಗೆ ಒಣಗಿಸಿ ಆಮೇಲೆ ಒಲೆಯ ಮೇಲೆ ತೂಗುಹಾಕುತ್ತಿದ್ದೆವು. ಅದಕ್ಕೇ ತಿಂಗಳುಗಟ್ಟಲೆ ತೂಗಬೇಕಾಗುತ್ತಿತ್ತು.

ಕುಳಿಯಲ್ಲಿ ಕೆಂಡ ಮಾಡಿ, ಮೇಲೆ ಹಿಡಿ ಚಕ್ಕೆ ಉದುರಿಸಿ. ಉರಿ ಎದ್ದರೆ ಬೂದಿ ಚಿಮುಕಿಸಿ, ನೀರು ಬೇಡ. ಅರ್ಧ ತಾಸಿಗೊಮ್ಮೆ ಮತ್ತೆ ಹಿಡಿ ಚಕ್ಕೆ. ಎರಡು ಕಿಲೋ ಖಂಡಕ್ಕೆ ಎರಡರಿಂದ ಮೂರು ತಾಸು. ಆಮೇಲೆ ಬಿಸಿಲಿಗೆ ಹಾಕಿ. ಲಾರಿಯ ಧೂಳು, ಖಣಿಯ ಧೂಳು ಇರುವ ಊರುಗಳಲ್ಲಿ ಮಾಳಿಗೆಯ ಮೇಲೆ ತೆಳು ಸೀರೆ ಅಥವಾ ಸೊಳ್ಳೆಪರದೆಯ ಒಳಗೆ ಒಣಗಿಸಿ. ಸಂಜೆ ಒಳಗೆ ತನ್ನಿ. ಒಂದು ಕಿಲೋ ಹಸಿ ಖಂಡ 300ರಿಂದ 350 ಗ್ರಾಂಗೆ ಇಳಿದು, ಬಗ್ಗಿಸಿದರೆ ಕಟ್ಟಿಗೆಯಂತೆ ಸೀಳು ಬಿಟ್ಟರೆ ಒಣಗಿತು ಎಂದು ಲೆಕ್ಕ. ಮೋಡ ಕವಿದ ದಿನ, ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಒಣಖಂಡವನ್ನು ಹಾಗೇ ಕಡಿಯಬಾರದು. ಬಿಸಿನೀರಲ್ಲಿ ನೆನೆಸಿ, ತೊಳೆದು, ಚೆನ್ನಾಗಿ ಕುದಿಸಿಯೇ ಉಣ್ಣಬೇಕು. ಪುಂಡಿ ಪಲ್ಯದ ಜೊತೆ ಹಾಕಿ ನೋಡಿ, ಜೋಳದ ರೊಟ್ಟಿ ಎಷ್ಟು ಹೋಯಿತು ಎಂದು ಎಣಿಸುವುದು ಮರೆಯುತ್ತೀರಿ.

ಖಿಮಾ ತುಂಬಿದ ಕರುಳು

ಪೇಟೆಯ ಸಾಸೇಜ್ ಕಡ್ಡಿ ತಿಂದು ಬಂದ ಹುಡುಗರು "ಇದನ್ನ ಮನ್ಯಾಗ ಮಾಡ್ಲಾಕ ಬರ್ತದೇನು ಕಾಕಾ?" ಎಂದು ಕೇಳುತ್ತಾರೆ. ಬರುತ್ತದೆ. ತೆಳು ಸಾಸೇಜಿಗೆ ಕುರಿಯ ಕರುಳನ್ನು ಬಳಸುವ ರೂಢಿ ಜಗತ್ತಿನಲ್ಲಿ ಇದೆ. ಕರುಳನ್ನು ಮಗುಚಿ, ಕೆರೆದು, ಉಪ್ಪಿನಲ್ಲಿ ತಿಕ್ಕಿ ನಾಲ್ಕೈದು ನೀರಿನಲ್ಲಿ ತೊಳೆಯಬೇಕು. ಖಿಮಾಗೆ ಕಿಲೋಗೆ 18ರಿಂದ 20 ಗ್ರಾಂ ಉಪ್ಪು, ಬಳ್ಳೊಳ್ಳಿ, ಖಾರ, ಸ್ವಲ್ಪ ಜೀರಿಗೆ. ಬಿಗಿ ತುಂಬಬೇಡಿ, ಒಡೆಯುತ್ತದೆ.

ಆದರೆ ಇದು ಒಣಖಂಡದ ಹಾಗಲ್ಲ ಎನ್ನುವುದನ್ನು ಗಟ್ಟಿಯಾಗಿ ಹೇಳಬೇಕು. ಕರುಳಿನ ಒಳಗೆ ಗಾಳಿ ಇಲ್ಲ, ತೇವ ಇದೆ, ಹೊಗೆಯ ಬೆಚ್ಚಗಿನ ಕಾವು ಬೇರೆ. ಬೊಟುಲಿಸಂ ತರುವ, ಪ್ರಾಣ ತೆಗೆಯುವ ವಿಷ ಹುಟ್ಟಲು ಇಷ್ಟೇ ಬೇಕು. ಆ ಹೆಸರು ಬಂದದ್ದೇ ಲ್ಯಾಟಿನ್ನಿನಲ್ಲಿ ಸಾಸೇಜಿಗೆ ಇರುವ ಪದದಿಂದ. ಜರ್ಮನಿಯಲ್ಲಿ ಸಾಸೇಜ್ ತಿಂದು ಜನ ಸಾಯುತ್ತಿದ್ದಾಗ 1820ರ ಸುಮಾರಿಗೆ ಯುಸ್ಟಿನುಸ್ ಕೆರ್ನರ್ ಎಂಬ ವೈದ್ಯ ಅದನ್ನು ಅಭ್ಯಾಸ ಮಾಡಿ ಬರೆದ. ಕಾರ್ಖಾನೆಯವರು ಇದನ್ನು ತಡೆಯಲು ನೈಟ್ರೈಟ್ ಎಂಬ ಉಪ್ಪನ್ನು ಅಳತೆಯಲ್ಲಿ ಹಾಕುತ್ತಾರೆ. ಅಳತೆ ತಪ್ಪಿದರೆ ಅದೇ ವಿಷ. ಮನೆಯಲ್ಲಿ ಅಂದಾಜಿಗೆ ಹಾಕುವ ವಸ್ತು ಅಲ್ಲ.

ಹಾಗಾಗಿ ನನ್ನ ಕ್ರಮ ಇದು. ಚಳಿಗಾಲದ ಬೆಳಗ್ಗೆ ಮಾತ್ರ, ಅಂದೇ ಕಡಿದ ಖಂಡ ಮಾತ್ರ. ತುಂಬಿದ ಕರುಳು ಅರ್ಧ ತಾಸು ಗಾಳಿಗೆ, ಒಂದು ತಾಸು ಹೊಗೆಗೆ. ಗೂಡಿನಿಂದ ತೆಗೆದವನೇ ಸೀದಾ ಬಿಸಿನೀರಿಗೆ. ನೀರು ಕುದಿಯಬಾರದು, ಕುದಿದರೆ ಕರುಳು ಹರಿಯುತ್ತದೆ. ಆದರೆ ಕೈ ಇಡಲಾಗದಷ್ಟು, ಆವಿ ಏಳುವಷ್ಟು ಬಿಸಿ ಇರಬೇಕು. 20, 25 ನಿಮಿಷ ಬೇಯಿಸಿ ಒಂದನ್ನು ಮುರಿದು ನೋಡಿ, ಒಳಗೆ ಕೆಂಪು ಉಳಿಯಬಾರದು. ಥರ್ಮಾಮೀಟರ್ ಇದ್ದವರು ನಡುವಿಗೆ ಚುಚ್ಚಿ 72 ಡಿಗ್ರಿ ನೋಡಿ. ಆಮೇಲೆ ಹಂಚಿನ ಮೇಲೆ ಹೊರಳಿಸಿ ಅಂದೇ ತಿನ್ನಬೇಕು. ಬೆಂದದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಮರುದಿನದ ತನಕ. ಸರ ಕಟ್ಟಿ ದಿನಗಟ್ಟಲೆ ತೂಗುಹಾಕುವ ಆಸೆ ಬೇಡ.

ಹೊಗೆ ಪಾಪ ತೊಳೆಯುವುದಿಲ್ಲ

ಇದೊಂದು ಮಾತು ಹೇಳದೆ ಮುಗಿಸಲಾರೆ. ನಮ್ಮ ಕಡೆ ಒಣಗಿಸುವ ವಿದ್ಯೆ ಬೆಳೆದದ್ದು ಬಡತನದಿಂದ. ರೋಗ ಬಂದು ಬಿದ್ದ ಕುರಿ, ಸಾಯುವ ಹೊತ್ತಿಗೆ ಕೊಯ್ದ ಆಡು, ಬಿಸಾಡಲು ಮನಸ್ಸು ಬರದೆ ಉಪ್ಪು ಹಚ್ಚಿ ಒಣಗಿಸಿದ್ದು ಎಷ್ಟೋ. ಉಪ್ಪು, ಬಿಸಿಲು, ಹೊಗೆ ಹಾಕಿದರೆ ದೋಷ ಹೋಗುತ್ತದೆ ಎಂಬ ನಂಬಿಕೆ ಈಗಲೂ ಇದೆ. ಹೋಗುವುದಿಲ್ಲ. ನೆರಡಿ ರೋಗದ, ಅಂದರೆ ಆಂಥ್ರಾಕ್ಸಿನ ಬೀಜಾಣು ಈ ಮೂರಕ್ಕೂ ಸಾಯುವುದಿಲ್ಲ. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಇದ್ದಕ್ಕಿದ್ದಂತೆ ಸತ್ತು, ಮೂಗು ಗುದದಿಂದ ಕಪ್ಪು ರಕ್ತ ಸೋರಿದ ಕುರಿಯನ್ನು ಕೊಯ್ಯುವುದೇ ಬೇಡ. ಚಾಕು ತಾಗಿಸಿದವನಿಗೇ ಮೊದಲು ಬರುತ್ತದೆ. ಪಶು ವೈದ್ಯರಿಗೆ ತಿಳಿಸಿ, ಆಳವಾಗಿ ಹೂಳಿ ಸುಣ್ಣ ಹಾಕಿ. ಒಂದು ಕುರಿಯ ನಷ್ಟ ದೊಡ್ಡದು, ಮನೆ ಮಂದಿ ಅದಕ್ಕಿಂತ ದೊಡ್ಡವರು.

ಎಷ್ಟು ತಿನ್ನಬೇಕು?

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಉಪ್ಪು ಹಚ್ಚಿ, ಹೊಗೆಯಾಡಿಸಿ ಇಟ್ಟ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಹಾಗೆಂದು ಹೆದರಿ ಓಡಬೇಕಿಲ್ಲ, ತಿಂದಷ್ಟೂ ಅಪಾಯ ಹೆಚ್ಚು ಎಂದು ತಿಳಿದು ಮಿತವಾಗಿ ತಿಂದರೆ ಸಾಕು. ನಮ್ಮ ಮನೆಯಲ್ಲಿ ತಿಂಗಳಿಗೆ ಒಂದು ಸಲ, ಎರಡು ಸಲ. ಹಿಂದಿನವರೂ ದಿನಾ ತಿಂದವರಲ್ಲ, ತಿನ್ನಲು ಇರಲೂ ಇಲ್ಲ. ಬಾಟಲಿಯಲ್ಲಿ ಬರುವ ಹೊಗೆಯ ವಾಸನೆ ಹನಿಸಿದರೆ ಇದೆಲ್ಲ ರಗಳೆ ಇಲ್ಲವಲ್ಲ ಎನ್ನುವವರಿಗೆ ಇಷ್ಟು ಹೇಳುತ್ತೇನೆ: 2024ರಲ್ಲಿ ಐರೋಪ್ಯ ಒಕ್ಕೂಟ ಅಂಥ 8 ವಸ್ತುಗಳ ಪರವಾನಗಿಯನ್ನು ಆರೋಗ್ಯದ ಸಂಶಯದಿಂದ ಮುಂದುವರಿಸಲಿಲ್ಲ.

ಮಾರುವ ಯೋಚನೆ ಇದ್ದವರು 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಬೇಕು. ನಾನಂತೂ ಮಾರಲು ಹೇಳುತ್ತಿಲ್ಲ. ಮನೆಯ ಆಡು, ಬದುವಿನ ಜಾಲಿ, ಖಣಿಯ ಒಡಕು ಫರ್ಸಿ, ಮೇಲಿನ ಬಿಸಿಲು, ಇಷ್ಟರಲ್ಲಿ ಆಗುವ ಕೆಲಸ ಇದು.

ಕಳೆದ ಚಳಿಗಾಲದಲ್ಲಿ ಹೊಸ ಗೂಡಿನ ಖಂಡದ ಸಾರು ಅವ್ವನ ಮುಂದೆ ಮತ್ತೆ ಇಟ್ಟೆ. ತಿಂದಳು, ಏನೂ ಹೇಳಲಿಲ್ಲ. ರೊಟ್ಟಿ ಇನ್ನೊಂದು ಕೇಳಿದಳು. ಉಂಡಾದ ಮೇಲೆ "ಇಂದ ಹೊಗಿ ಎಲ್ಲಿ ಹಾಕಿದ್ಯೋ? ಮನ್ಯಾಗ ವಾಸನಿನೇ ಬರಲಿಲ್ಲಲ್ಲ" ಎಂದಳು. ಹಿತ್ತಲಿಗೆ ಕರೆದೊಯ್ದು ಗೂಡು ತೋರಿಸಿದೆ. ಸುತ್ತ ನೋಡಿದಳು, ಕಾಲುವೆಯ ಮೇಲಿನ ಮಣ್ಣು ಕಾಲಿನಿಂದ ಸರಿ ಮಾಡಿದಳು. "ಇದು ನಲವತ್ತು ವರ್ಷದ ಹಿಂದ ಯಾಕ ಹೊಳೀಲಿಲ್ಲ ನಿಮ್ಮ ಗಂಡಸರಿಗೆ?" ಎಂದು ಕೇಳಿದಳು.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಓದುಗ ಮಿತ್ರರಲ್ಲಿ ಯಾರಾದರೂ ಬೇರೆ ಕಟ್ಟಿಗೆ, ಬೇರೆ ನಮೂನೆಯ ಗೂಡು ಮಾಡಿ ನೋಡಿದ್ದರೆ ಈ ಪುಟಕ್ಕೆ ಬರೆಯಿರಿ. ಕೆಟ್ಟದ್ದನ್ನೂ ಬರೆಯಿರಿ. ನನ್ನ ಎರಡು ಕಿಲೋ ಖಂಡ ಕೆಟ್ಟಿದ್ದರಿಂದಲೇ ಇಷ್ಟು ಬರೆಯಲು ಬಂತು.